ಪಾಠಕ್ರಮದ ಆಯ್ಕೆಯ ವಿಷಯವಾಗಿ ಪೋಷಕರಲ್ಲಿ ಒಂದು ವಿಜ್ಞಾಪನೆ

ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ವೃತ್ತಾಂತವನ್ನೂ ಪರೀಕ್ಷೆಯ ಫಲಿತಾಂಶವನ್ನೂ ಓದಿ ಸಂತೋಷಪಡುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ, ತಮ್ಮ ಹೆಣ್ಣುಮಕ್ಕಳನ್ನು ನಮ್ಮ ಕೈಗೆ ಒಪ್ಪಿಸಿರುವ ಪೋಷಕರ ಮುಂದೆಯೂ, ಈ ಸಾರಿ ಒಂದು ವಿವಾದದ ವಿಷಯವನ್ನು ಇಡಬೇಕೆಂದು ನಿಶ್ಚಯಿಸಿದ್ದೇವೆ. ಕೆಲವು ವರ್ಷಗಳಿಂದ ಪೋಷಕರ ಸಭೆಗಳಲ್ಲಿ ಒಂದು ಬೇಡಿಕೆಯು ಮೇಲಿಂದ ಮೇಲೆ ಬರುತ್ತಲಿದೆ. ಎಂಟನೆಯ ತರಗತಿಗೆ ಸೇರುವಾಗಲೇ ಹುಡುಗಿಯರನ್ನು ಎರಡು ವಿಭಾಗವಾಗಿ ಮಾಡಬೇಕು. ಒಂದು ವಿಭಾಗದಲ್ಲಿ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳಿಗೆ, ಅಂದರೆ ನೀಟ್, ಜೆ.ಇ.ಇ., ಸಿ.ಇ.ಟಿ.ಗಳಿಗೆ, ಆಗಿನಿಂದಲೇ ತಯಾರಿ ನಡೆಯಬೇಕು; ಅದಕ್ಕೆ ಬೇರೆ ಕೊಠಡಿ, ಬೇರೆ ವೇಳಾಪಟ್ಟಿ, ಬೇರೆ ಶುಲ್ಕ ಇರಬೇಕು; ಮಿಕ್ಕವರು ಎಂದಿನಂತೆ ಓದಿಕೊಂಡು ಹೋಗಲಿ. ಇದು ಬೇಡಿಕೆಯ ಸಾರಾಂಶವು. ‘ಫೌಂಡೇಶನ್ ಸೆಕ್ಷನ್’ ಎಂಬ ಹೆಸರಿನಿಂದ ಇಂಥ ಏರ್ಪಾಡು ಈಗ ಅನೇಕ ಖಾಸಗಿ ಶಾಲೆಗಳಲ್ಲಿ ಬಳಕೆಗೆ ಬಂದಿರುತ್ತದೆ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇವೆ. ಹತ್ತನೆಯ ತರಗತಿಯು ಮುಗಿಯುವ ತನಕ ನಮ್ಮ ಶಾಲೆಯ ಹುಡುಗಿಯರನ್ನು ಈ ವಿಧವಾಗಿ ವಿಂಗಡಿಸತಕ್ಕದ್ದಲ್ಲವೆಂದೂ, ಆದರೆ ಹತ್ತನೆಯ ತರಗತಿಯ ನಂತರ ಮಾಡಬೇಕಾದ ಆಯ್ಕೆಯು ಈಗ ನಡೆಯುತ್ತಿರುವುದಕ್ಕಿಂತ ಎಷ್ಟೋ ಹೆಚ್ಚಿನ ವಿಚಾರದಿಂದ ನಡೆಯತಕ್ಕದ್ದೆಂದೂ ನಾವು ನಂಬಿದ್ದೇವೆ. ಈ ಎರಡು ಮಾತುಗಳಿಗೂ ಕಾರಣಗಳನ್ನು ಕೊಡುವುದು ನಮ್ಮ ಕರ್ತವ್ಯವಷ್ಟೆ.

ಮೊದಲು ಪೋಷಕರ ಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಅವರ ಬೇಡಿಕೆಯು ದುರಾಶೆಯಿಂದ ಹುಟ್ಟಿದ್ದಲ್ಲ. ಪಿ.ಯು.ಸಿ.ಯ ಎರಡು ವರ್ಷಗಳಲ್ಲಿಯೇ ಪ್ರವೇಶ ಪರೀಕ್ಷೆಗೂ ವಾರ್ಷಿಕ ಪರೀಕ್ಷೆಗೂ ಒಟ್ಟಿಗೆ ಸಿದ್ಧಳಾಗುವುದು ಒಬ್ಬ ಹುಡುಗಿಗೆ ಭಾರವಾದ ಕೆಲಸವೇ ಸರಿ. ಸರಕಾರಿ ಕಾಲೇಜಿನ ಸೀಟು ಸಿಕ್ಕದೆ ಹೋದರೆ ಖಾಸಗಿ ಕಾಲೇಜಿನ ಶುಲ್ಕವನ್ನು ತೆರುವ ಶಕ್ತಿಯು ಸಾಮಾನ್ಯ ಸಂಸಾರಕ್ಕೆ ಇರುವುದಿಲ್ಲ. ಶಾಲೆ ಮುಗಿದ ಮೇಲೆ ಪೇಟೆಯ ಕೋಚಿಂಗ್ ತರಗತಿಗೆ ಹೋಗಿ ರಾತ್ರಿ ಎಂಟು ಗಂಟೆಗೆ ಮನೆಗೆ ಬರುವ ಮಗಳ ದಾರಿಯನ್ನು ಬಾಗಿಲಲ್ಲಿ ನಿಂತು ಕಾಯುವ ತಾಯಿಯು, ‘ಅದೇ ಪಾಠವನ್ನು ನಿಮ್ಮ ಶಾಲೆಯ ಗೋಡೆಯ ಒಳಗೇ ಹೇಳಿಸಿಕೊಡಬಾರದೆ ಅಮ್ಮಾ’ ಎಂದು ಕೇಳಿದರೆ, ಅದು ನ್ಯಾಯವಲ್ಲವೆಂದು ಯಾರು ಹೇಳಿಯಾರು? ಇಷ್ಟು ಮಾತ್ರವಲ್ಲದೆ, ಚುರುಕು ಬುದ್ಧಿಯ ಮಗುವು ತನಗೆ ತಿಳಿದ ಲೆಕ್ಕವನ್ನೇ ಮೂರು ದಿನ ಮತ್ತೆ ಮತ್ತೆ ಕೇಳುತ್ತ ಕುಳಿತರೆ ಅವಳಿಗೆ ಬೇಸರವಾಗುವುದೂ ನಿಜ. ಈ ಮೂರು ಕಾರಣಗಳನ್ನೂ ನಾವು ಒಪ್ಪುತ್ತೇವೆ. ಆದರೆ ರೋಗವು ನಿಜವೆಂದ ಮಾತ್ರಕ್ಕೆ ಹೇಳಿದ ಮದ್ದೆಲ್ಲವೂ ಒಳ್ಳೆಯದೆಂದು ಆಗುವುದಿಲ್ಲ.

ವಿಭಾಗಗಳನ್ನು ಮಾಡಿದರೆ ಯಾರು ಯಾವ ಕೊಠಡಿಗೆ ಹೋಗುವರೆಂಬುದನ್ನು ಆಲೋಚಿಸೋಣ. ಎಂಟನೆಯ ತರಗತಿಗೆ ಬರುವ ಹುಡುಗಿಗೆ ಹದಿಮೂರು ವರ್ಷ. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಅನೇಕರು ಇಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಬರುತ್ತಾರೆ. ನಿನ್ನೆಯ ದಿನ ‘ಭಿನ್ನರಾಶಿ’ ಎಂದು ತಿಳಿದಿದ್ದು ಇಂದು ಬೇರೊಂದು ಹೆಸರಿನಿಂದ ಎದುರಿಗೆ ನಿಂತಾಗ ಆ ಮಗುವು ಮೊದಲ ಕಿರುಪರೀಕ್ಷೆಯಲ್ಲಿ ಹಿಂದೆ ಬೀಳುತ್ತದೆ. ಅವಳ ಕೊರತೆಯು ಗಣಿತದಲ್ಲಲ್ಲ, ಭಾಷೆಯಲ್ಲಿ. ಅದೂ ಒಂದು ವರ್ಷದೊಳಗೆ ತೀರುವ ಕೊರತೆಯು. ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವವಳು, ಬೆಳಗಿನ ಬಸ್ಸಿಗಾಗಿ ಐದು ಗಂಟೆಗೆ ಏಳುವವಳು, ಇವರ ಅಂಕಗಳೂ ಹಾಗೆಯೇ. ಆದುದರಿಂದ ಆ ವಯಸ್ಸಿನಲ್ಲಿ ಒಂದು ಪರೀಕ್ಷೆ ನಡೆಸಿ ವಿಭಾಗ ಮಾಡಿದರೆ, ನಾವು ಬುದ್ಧಿಯನ್ನು ಅಳೆದಂತಾಗುವುದಿಲ್ಲ. ಮನೆಯ ಅನುಕೂಲವನ್ನು ಅಳೆದಂತಾಗುತ್ತದೆ. ಇನ್ನು ಬೇರೆ ಶುಲ್ಕವನ್ನೂ ಇಟ್ಟರೆ ಅಳತೆಯ ಕೋಲು ಯಾವುದೆಂಬುದರಲ್ಲಿ ಯಾವ ಸಂದೇಹವೂ ಉಳಿಯುವುದಿಲ್ಲ.

ವಿಭಾಗವಾದ ಮೇಲೆ ಏನಾಗುತ್ತದೆ? ಶಾಲೆಯಲ್ಲಿ ಒಳ್ಳೆಯ ಗಣಿತದ ಉಪಾಧ್ಯಾಯಿನಿ ಒಬ್ಬರೇ ಇದ್ದರೆ ಅವರು ಯಾವ ಕೊಠಡಿಗೆ ಹೋಗುವರೆಂಬುದನ್ನು ಹೇಳಬೇಕಾಗಿಲ್ಲ. ಒಂದು ವಿಭಾಗದವರಿಗೆ ಚಿತ್ರಕಲೆ, ಸಂಗೀತ, ಹೊಲಿಗೆ, ಆಟ, ವಾಚನಾಲಯದ ಗಂಟೆಗಳು ಒಂದೊಂದಾಗಿ ಕಳೆದುಹೋಗುತ್ತವೆ. ಇನ್ನೊಂದು ವಿಭಾಗದವರಿಗೆ ಆ ಗಂಟೆಗಳೆಲ್ಲ ಉಳಿಯುತ್ತವೆ. ಆದರೆ ‘ನೀವು ಮಿಕ್ಕವರು’ ಎಂಬ ಮಾತನ್ನು ಯಾರೂ ಬಾಯಿಂದ ಹೇಳದೆ ಇದ್ದರೂ ಅವರು ಅದನ್ನು ದಿನವೂ ಕೇಳುತ್ತಾರೆ. ಹದಿಮೂರನೆಯ ವಯಸ್ಸಿನ ಹುಡುಗಿಯು ತನ್ನ ವಿಷಯದಲ್ಲಿ ಇತರರು ಏನು ತಿಳಿದಿರುವರೆಂಬುದನ್ನು ಬಹು ಬೇಗನೆ ಗ್ರಹಿಸುತ್ತಾಳೆ, ಮತ್ತು ನಂಬಿಬಿಡುತ್ತಾಳೆ. ಎರಡು ವರ್ಷಗಳ ನಂತರ ಅವಳು ನಿಜವಾಗಿ ಹಿಂದೆ ಬಿದ್ದಾಗ, ‘ನೋಡಿದಿರಾ, ಅಂದೇ ಸರಿಯಾಗಿ ವಿಂಗಡಿಸಿದ್ದೆವು’ ಎಂದು ನಾವು ಹೇಳಿಕೊಳ್ಳಬಹುದು; ಅದಕ್ಕಿಂತ ದೊಡ್ಡ ಅನ್ಯಾಯವು ಮತ್ತೊಂದಿಲ್ಲ.

‘ಬೆಳೆಯ ಸಿರಿಯನ್ನು ಮೊಳಕೆಯಲ್ಲಿ ನೋಡು’ ಎಂಬ ಗಾದೆಯನ್ನು ಸಭೆಯಲ್ಲಿ ಒಬ್ಬ ತಂದೆಯು ನಮಗೆ ಹೇಳಿದರು. ಗಾದೆಯು ಸತ್ಯವೇ. ಆದರೆ ಮೊಳಕೆಯನ್ನು ನೋಡುವ ರೈತನು ಬಡವಾಗಿ ಕಂಡ ಸಸಿಗೆ ನೀರು ನಿಲ್ಲಿಸುವುದಿಲ್ಲ. ಅದರ ಬುಡಕ್ಕೆ ಇನ್ನೊಂದು ಹಿಡಿ ಗೊಬ್ಬರವನ್ನು ಹಾಕುತ್ತಾನೆ.

ನಮ್ಮ ದೇಶದಲ್ಲಿ ಈ ಪ್ರಶ್ನೆಯು ಹೊಸದಲ್ಲ. ಡಾಕ್ಟರ್ ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಮಾಧ್ಯಮಿಕ ಶಿಕ್ಷಣ ಆಯೋಗವು 1953ರಲ್ಲಿ ವರದಿಯನ್ನು ಒಪ್ಪಿಸಿ, ಬಹೂದ್ದೇಶ ಪ್ರೌಢಶಾಲೆಗಳನ್ನು ಸ್ಥಾಪಿಸಬೇಕೆಂದು ಶಿಫಾರಸು ಮಾಡಿತು. ಮಾನವಿಕ ವಿಷಯಗಳು, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಕವಲುಗಳು ಒಂದೇ ಶಾಲೆಯಲ್ಲಿರಬೇಕೆಂಬುದು ಅವರ ಯೋಜನೆ. ಎಲ್ಲ ಮಕ್ಕಳೂ ಒಂದೇ ಅಚ್ಚಿನಲ್ಲಿ ಬರಬಾರದೆಂಬ ಉದ್ದೇಶವು ಉದಾತ್ತವಾಗಿತ್ತು. ಆದರೆ ಏಳು ಕವಲುಗಳಿಗೆ ಬೇಕಾದ ಉಪಾಧ್ಯಾಯರೂ ಉಪಕರಣಗಳೂ ಎಲ್ಲ ಊರುಗಳಲ್ಲಿ ಒದಗುವುದು ಸುಲಭವಾಗಿರಲಿಲ್ಲ; ಮೇಲಾಗಿ ಕವಲುಗಳು ಕಾಗದದ ಮೇಲೆ ಸಮಾನವಾಗಿದ್ದರೂ ಜನರ ಕಣ್ಣಿನಲ್ಲಿ ಸಮಾನವಾಗಿರಲಿಲ್ಲ. ಆ ನಂತರ ಡಾಕ್ಟರ್ ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಆಯೋಗವು 1964ರಿಂದ 1966ರವರೆಗೆ ವಿಚಾರಣೆ ನಡೆಸಿ, ಮೊದಲ ಹತ್ತು ವರ್ಷಗಳ ಶಿಕ್ಷಣವು ಎಲ್ಲರಿಗೂ ಸಾಮಾನ್ಯವಾಗಿರಬೇಕು, ಗಣಿತವೂ ವಿಜ್ಞಾನವೂ ಎಲ್ಲರಿಗೂ ಕಡ್ಡಾಯವಾಗಿರಬೇಕು, ಕವಲೊಡೆಯುವುದು ಆ ಮೇಲೆಯೇ ಎಂದು ಹೇಳಿತು. ಇಂದಿನ ಹತ್ತನೆಯ ತರಗತಿಯ ಮೆಟ್ಟಿಲು ಆ ವಿಚಾರದಿಂದಲೇ ಬಂದದ್ದು.

ಹೆಣ್ಣುಮಕ್ಕಳ ಮಟ್ಟಿಗೆ ಈ ತೀರ್ಮಾನವು ವಿಶೇಷವಾದ ಬೆಲೆಯುಳ್ಳದ್ದು. ಅದಕ್ಕೆ ಮುಂಚೆ ಅನೇಕ ಕಡೆಗಳಲ್ಲಿ ಹುಡುಗಿಯರಿಗೆ ಗಣಿತದ ಬದಲಾಗಿ ಗೃಹವಿಜ್ಞಾನವನ್ನು ಕೊಡುವ ಪದ್ಧತಿಯಿತ್ತು. ಅದನ್ನು ‘ಆಯ್ಕೆ’ ಎಂದೇ ಕರೆಯುತ್ತಿದ್ದರು. ಹುಡುಗರಿಗೂ ಹುಡುಗಿಯರಿಗೂ ಪಾಠಕ್ರಮವು ಬೇರೆಯಾಗಿರಬೇಕೆ ಎಂಬುದನ್ನು ಪರಿಶೀಲಿಸಲು 1960ರ ದಶಕದ ಆರಂಭದಲ್ಲಿ ಶ್ರೀಮತಿ ಹಂಸಾ ಮೆಹ್ತಾರವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಗಿ, ಅಂಥ ಭೇದವು ಕೂಡದೆಂದು ಹೇಳಿತು. ಕೊಠಾರಿ ಆಯೋಗವೂ ಅದನ್ನು ಎತ್ತಿಹಿಡಿಯಿತು. ಗೃಹವಿಜ್ಞಾನವು ಹೀನವಾದ ವಿದ್ಯೆಯೆಂದು ನಾವು ಹೇಳುತ್ತಿಲ್ಲ. ಒಂದು ಬಾಗಿಲನ್ನು ತೆರೆಯುವಾಗ ಮತ್ತೊಂದನ್ನು ಸದ್ದಿಲ್ಲದೆ ಮುಚ್ಚಿಬಿಡುವುದು ಆಯ್ಕೆಯಲ್ಲವೆಂಬುದೇ ನಮ್ಮ ಮಾತು. ಇದಕ್ಕೆ ಹತ್ತಿರದ ಒಂದು ದೃಷ್ಟಾಂತವುಂಟು. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿಯು 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಯ ಗಣಿತದಲ್ಲಿ ‘ಸ್ಟಾಂಡರ್ಡ್’, ‘ಬೇಸಿಕ್’ ಎಂದು ಎರಡು ದರ್ಜೆಗಳನ್ನು ಮಾಡಿತು. ಮಕ್ಕಳ ಭಾರವನ್ನು ಇಳಿಸುವ ಸದುದ್ದೇಶವೇ ಅದು. ಆದರೆ ಸುಲಭದ ದರ್ಜೆಯನ್ನು ಹಿಡಿದವರು ಮುಂದಿನ ತರಗತಿಯಲ್ಲಿ ಗಣಿತವನ್ನು ತೆಗೆದುಕೊಳ್ಳುವಂತಿಲ್ಲವೆಂಬ ನಿಯಮವು ಅದರ ಜೊತೆಗೇ ಬಂದಿತು. ಅನಂತರ ಮಂಡಲಿಯೇ ಅದನ್ನು ಸಡಿಲಿಸಬೇಕಾಯಿತು.

ಹೊರದೇಶಗಳ ಅನುಭವವೂ ನಮಗೆ ಪಾಠವಾಗಬಹುದು. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಶಾಸನದ ನಂತರ ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಪರೀಕ್ಷೆಯನ್ನು ನಡೆಸಿ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಕಳುಹಿಸುವ ಪದ್ಧತಿಯು ಬೆಳೆಯಿತು. ಇಪ್ಪತ್ತು ವರ್ಷಗಳ ಮೇಲೆ, 1965ರಲ್ಲಿ, ಎಲ್ಲರಿಗೂ ಸಾಮಾನ್ಯವಾದ ಶಾಲೆಗಳತ್ತ ತಿರುಗಬೇಕೆಂದು ಅಲ್ಲಿಯ ಸರಕಾರವೇ ಸ್ಥಳೀಯ ಅಧಿಕಾರಿಗಳಿಗೆ ಸುತ್ತೋಲೆಯನ್ನು ಕಳುಹಿಸಿತು. ಫಿನ್ಲೆಂಡ್ ದೇಶವು ಒಂಬತ್ತು ವರ್ಷಗಳ ಸಾಮಾನ್ಯ ಶಾಲೆಯನ್ನು ಕಟ್ಟಿದ ಮೇಲೂ ಗಣಿತ ಮತ್ತು ಪರಭಾಷೆಗಳಲ್ಲಿ ದರ್ಜೆಗಳನ್ನು ಉಳಿಸಿಕೊಂಡಿತ್ತು. 1985ರಲ್ಲಿ ಅವನ್ನೂ ತೆಗೆದುಹಾಕಿತು.

ಅಮೆರಿಕಾ ದೇಶದ ವೃತ್ತಾಂತವು ಇನ್ನೂ ವಿಚಾರಾರ್ಹವಾದುದು. ಅಲ್ಲಿಯ ಸರಕಾರಿ ಪ್ರೌಢಶಾಲೆಗಳು ಎರಡು ಮೂರು ಸಾವಿರ ಮಕ್ಕಳ ದೊಡ್ಡ ಸಂಸ್ಥೆಗಳಾಗಿ ಬೆಳೆದು, ಒಂದು ಮಗುವಿನ ಹೆಸರು ಸಹ ಯಾರಿಗೂ ತಿಳಿಯದಂತಾದಾಗ, ದೊಡ್ಡ ಶಾಲೆಯೊಳಗೇ ಸಣ್ಣ ಶಾಲೆಗಳನ್ನು ಮಾಡಿ, ಮಕ್ಕಳು ತಮಗೆ ಬೇಕಾದುದನ್ನು ಆರಿಸಿಕೊಳ್ಳುವ ಏರ್ಪಾಡು ಹರಡಿತು. ಒಂದರಲ್ಲಿ ವಿಜ್ಞಾನಕ್ಕೆ, ಇನ್ನೊಂದರಲ್ಲಿ ಕಲೆಗೆ, ಮತ್ತೊಂದರಲ್ಲಿ ಸಮಾಜಸೇವೆಗೆ ಪ್ರಾಧಾನ್ಯ. ಗೇಟ್ಸ್ ಪ್ರತಿಷ್ಠಾನವು ಪ್ರೌಢಶಾಲೆಗಳ ಸುಧಾರಣೆಗೆಂದು ಇನ್ನೂರು ಕೋಟಿ ಡಾಲರುಗಳಿಗೂ ಮೇಲ್ಪಟ್ಟು ವೆಚ್ಚ ಮಾಡಿತು. ಆದರೆ ತಾವು ನೆರವಿತ್ತ ಅನೇಕ ಸಣ್ಣ ಶಾಲೆಗಳಲ್ಲಿ ಮಕ್ಕಳ ಕಲಿಕೆಯು ಹೇಳಿಕೊಳ್ಳುವಷ್ಟು ಉತ್ತಮವಾಗಲಿಲ್ಲವೆಂದು ಬಿಲ್ ಗೇಟ್ಸರೇ 2009ರಲ್ಲಿ ಬರೆದರು. ಹಾಗಾದರೆ ಆ ಯೋಜನೆಯೆಲ್ಲ ವ್ಯರ್ಥವೇ? ಅಲ್ಲ. ನ್ಯೂಯಾರ್ಕ್ ನಗರದಲ್ಲಿ 2002ರಿಂದ ಈಚೆಗೆ ಸ್ಥಾಪಿತವಾದ ಸಣ್ಣ ಪ್ರೌಢಶಾಲೆಗಳನ್ನು ಎಂ.ಡಿ.ಆರ್.ಸಿ. ಎಂಬ ಸಂಶೋಧನ ಸಂಸ್ಥೆಯು ಪರೀಕ್ಷಿಸಿ 2010ರಲ್ಲಿ ವರದಿ ಮಾಡಿತು. ಅವುಗಳಲ್ಲಿ ಸೀಟು ಸಿಕ್ಕವರಲ್ಲಿ ನೂರಕ್ಕೆ ಸುಮಾರು 69 ಮಂದಿ ನಾಲ್ಕು ವರ್ಷಗಳಲ್ಲಿ ಶಿಕ್ಷಣವನ್ನು ಮುಗಿಸಿದರು. ಅರ್ಜಿ ಹಾಕಿಯೂ ಸೀಟು ಸಿಕ್ಕದೆ ಬೇರೆ ಕಡೆಗೆ ಹೋದವರಲ್ಲಿ ಸುಮಾರು 62 ಮಂದಿ ಮಾತ್ರ. ಪೋಷಕರು ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಆ ಶಾಲೆಗಳು ಮಕ್ಕಳನ್ನು ಅಂಕಗಳನ್ನು ನೋಡಿ ಆರಿಸಿಕೊಂಡವುಗಳಲ್ಲ. ಅರ್ಜಿಗಳು ಹೆಚ್ಚಾದಾಗ ಚೀಟಿ ಎತ್ತಿ ಸೇರಿಸಿಕೊಂಡವು. ಒಂದೊಂದು ತರಗತಿಗೆ ಸುಮಾರು ನೂರು ಮಕ್ಕಳು ಮಾತ್ರ. ಪ್ರತಿ ಮಗುವನ್ನೂ ಬಲ್ಲ ಉಪಾಧ್ಯಾಯರು. ಅಂದಮೇಲೆ ಅಲ್ಲಿ ಫಲವು ದೊರೆತದ್ದು ವಿಂಗಡಣೆಯಿಂದಲ್ಲ, ಪರಿಚಯದಿಂದ ಎಂದು ನಾವು ತಿಳಿಯುತ್ತೇವೆ.

ಈ ಒಂದು ವಿಷಯವನ್ನು ನಾವು ಹಿಡಿದುಕೊಂಡಿದ್ದೇವೆ. ಆದುದರಿಂದ ಬರುವ ಶಾಲಾ ವರ್ಷದಿಂದ ನಮ್ಮ ಶಾಲೆಯಲ್ಲಿ ಎರಡು ಏರ್ಪಾಡುಗಳನ್ನು ಮಾಡಲು ಉಪಾಧ್ಯಾಯಿನಿಯರೆಲ್ಲರೂ ಒಪ್ಪಿರುತ್ತಾರೆ. ಮೊದಲನೆಯದಾಗಿ, ಒಬ್ಬೊಬ್ಬ ಉಪಾಧ್ಯಾಯಿನಿಯೂ ಇಪ್ಪತ್ತು ಮಂದಿ ಹುಡುಗಿಯರ ಪಾಲಕಿಯಾಗಿರುವರು. ಅಂಕ, ಮಾಧ್ಯಮ, ಜಾತಿ ಮತಗಳ ಎಣಿಕೆಯಿಲ್ಲದೆ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಹುಡುಗಿಯರು ಒಂದೊಂದು ಗುಂಪಿನಲ್ಲಿ ಕಲೆತಿರುವರು; ಎಂಟರಲ್ಲಿ ಸೇರಿದವಳು ಹತ್ತು ಮುಗಿಸುವ ತನಕ ಅದೇ ಉಪಾಧ್ಯಾಯಿನಿಯ ಕೈಕೆಳಗೆ ಇರುವಳು. ವಾರಕ್ಕೊಂದು ಗಂಟೆ ಆ ಗುಂಪು ಕೂಡುವುದು. ಅರ್ಧವರ್ಷಕ್ಕೊಮ್ಮೆ ಆ ಉಪಾಧ್ಯಾಯಿನಿಯು ಹುಡುಗಿಯ ತಂದೆತಾಯಿಗಳೊಡನೆ ಕುಳಿತು ಮಾತನಾಡುವರು. ಎರಡನೆಯದಾಗಿ, ಗಣಿತ ಮತ್ತು ವಿಜ್ಞಾನಗಳಲ್ಲಿ ಹೆಚ್ಚಿನ ಅಭ್ಯಾಸವನ್ನು ಬಯಸುವವರಿಗೆ ವಾರದಲ್ಲಿ ಮೂರು ಸಂಜೆ ಒಂದೊಂದು ಗಂಟೆ ಪಾಠ ನಡೆಯುವುದು. ಅದಕ್ಕೆ ಪ್ರವೇಶ ಪರೀಕ್ಷೆಯಿಲ್ಲ, ಶುಲ್ಕವೂ ಇಲ್ಲ. ಬಂದವರೆಲ್ಲ ಕೂರಬಹುದು, ಸಾಕೆನಿಸಿದವರು ಬಿಡಬಹುದು, ಮುಂದಿನ ವರ್ಷ ಮತ್ತೆ ಬರಬಹುದು. ಚುರುಕಾದವಳಿಗೆ ಅಲ್ಲಿ ಕಠಿನವಾದ ಲೆಕ್ಕಗಳು ಸಿಕ್ಕುವುವು. ಗಣಿತ ಒಲಿಂಪಿಯಾಡಿನ ಅಭ್ಯಾಸವೂ ನಡೆಯುವುದು. ಎಂಟನೆಯ ತರಗತಿಯವರನ್ನು ರಾಷ್ಟ್ರೀಯ ಪ್ರತಿಭಾ ಮತ್ತು ಆದಾಯಾಧಾರಿತ ವಿದ್ಯಾರ್ಥಿವೇತನದ, ಅಂದರೆ ಎನ್.ಎಂ.ಎಂ.ಎಸ್. ಪರೀಕ್ಷೆಗೆ ಸಿದ್ಧಗೊಳಿಸುವ ಕೆಲಸವೂ ಅದೇ ಗಂಟೆಯಲ್ಲಿ ಆಗುವುದು. ನಮ್ಮಂಥ ಅನುದಾನಿತ ಶಾಲೆಯ, ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಗಳಿಗೆ ಮೀರದ ವರಮಾನವುಳ್ಳ ಮನೆಯ ಮಗುವು ಅದರಲ್ಲಿ ಗೆದ್ದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಇದನ್ನು ಅರಿಯದ ಪೋಷಕರು ಬಹಳ ಮಂದಿ ಇದ್ದಾರೆ.

ಇನ್ನು ಹತ್ತನೆಯ ತರಗತಿಯ ನಂತರದ ಆಯ್ಕೆಯ ಮಾತು. ಫಲಿತಾಂಶವು ಹೊರಬಿದ್ದ ಒಂದು ವಾರದೊಳಗೆ ಹುಡುಗಿಯ ಮುಂದಿನ ಆಯುಷ್ಯವೇ ನಿಶ್ಚಯವಾಗುವಂತೆ ಈಗ ನಮ್ಮ ಮನೆಗಳಲ್ಲಿ ನಡೆಯುತ್ತಿದೆ. ಅಂಕಗಳು ಹೆಚ್ಚಾಗಿದ್ದರೆ ವಿಜ್ಞಾನ, ನಡುವಣವಾದರೆ ವಾಣಿಜ್ಯ, ಕಡಮೆಯಾದರೆ ಕಲೆ, ಎಂದು ತಕ್ಕಡಿಯಲ್ಲಿ ತೂಗಿದಂತೆ ತೀರ್ಮಾನವಾಗುತ್ತದೆ. ಇದು ಮೂರು ವಿದ್ಯೆಗಳಿಗೂ ಅವಮಾನವು. ಇತಿಹಾಸದಲ್ಲಿ ನಿಜವಾದ ಆಸಕ್ತಿಯುಳ್ಳ ಹುಡುಗಿಯು ಅಂಕಗಳು ಹೆಚ್ಚು ಬಂದ ತಪ್ಪಿಗಾಗಿ ಎರಡು ವರ್ಷ ರಸಾಯನಶಾಸ್ತ್ರದೊಡನೆ ಹೆಣಗಬೇಕಾಗುತ್ತದೆ. ಗಿಡಮರಗಳನ್ನು ಪ್ರೀತಿಸುವವಳು ನಾಲ್ಕು ಅಂಕ ಕಡಮೆಯಾಯಿತೆಂದು ಜಮಾಖರ್ಚಿನ ಪುಸ್ತಕವನ್ನು ಹಿಡಿಯಬೇಕಾಗುತ್ತದೆ.

ಯಾವ ಬಾಗಿಲು ಎಲ್ಲಿಗೆ ತೆರೆಯುವುದೆಂಬುದನ್ನು ಪೋಷಕರು ಮೊದಲು ತಿಳಿಯತಕ್ಕದ್ದು. ಪಿ.ಯು.ಸಿ.ಯಲ್ಲಿ ಎರಡು ಭಾಷೆಗಳೂ ನಾಲ್ಕು ಐಚ್ಛಿಕ ವಿಷಯಗಳೂ ಇರುತ್ತವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಂಬ ನಾಲ್ಕನ್ನೂ ಹಿಡಿದವಳಿಗೆ ವೈದ್ಯಕೀಯದ ಬಾಗಿಲೂ ಇಂಜಿನಿಯರಿಂಗಿನ ಬಾಗಿಲೂ ತೆರೆದಿರುತ್ತವೆ. ಭಾರವು ಮಾತ್ರ ಹೆಚ್ಚು. ಜೀವಶಾಸ್ತ್ರದ ಬದಲು ಗಣಕ ವಿಜ್ಞಾನವನ್ನು ಹಿಡಿದವಳಿಗೆ ವೈದ್ಯಕೀಯವು ದೂರವಾಗುತ್ತದೆ. ಆದರೆ ಜೀವಶಾಸ್ತ್ರವನ್ನು ಹೆಚ್ಚಿನ ವಿಷಯವಾಗಿ ಆಮೇಲೆ ಓದಿ ಪಾಸಾದವರಿಗೂ ನೀಟ್ ಪರೀಕ್ಷೆಗೆ ಅವಕಾಶವುಂಟೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರಿನಲ್ಲಿ ಪ್ರಕಟಿಸಿತು. ವಾಣಿಜ್ಯವನ್ನು ಹಿಡಿಯುವವಳು ಸಾಧ್ಯವಾದರೆ ಸಂಖ್ಯಾಶಾಸ್ತ್ರವನ್ನೋ ಮೂಲ ಗಣಿತವನ್ನೋ ಜೊತೆಗೆ ಇಟ್ಟುಕೊಳ್ಳಲಿ. ಗಣಿತವನ್ನು ಪೂರಾ ಬಿಟ್ಟವಳಿಗೆ ಮುಂದೆ ಅರ್ಥಶಾಸ್ತ್ರದ ಉನ್ನತ ವ್ಯಾಸಂಗವು ಕಷ್ಟವಾಗುತ್ತದೆ. ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಗೂ, ಐದು ವರ್ಷಗಳ ಕಾನೂನು ಪದವಿಗೂ, ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗುವ ಡಿ.ಎಲ್.ಎಡ್. ಶಿಕ್ಷಣಕ್ಕೂ ಯಾವ ಕವಲಿನಿಂದಾದರೂ ಹೋಗಬಹುದು. ದಾದಿಯರ ಶಿಕ್ಷಣದಲ್ಲಿ ಬಿ.ಎಸ್‌ಸಿ. ನರ್ಸಿಂಗಿಗೆ ವಿಜ್ಞಾನವು ಬೇಕು, ಜಿ.ಎನ್.ಎಂ. ಡಿಪ್ಲೊಮಾಗೆ ಕಲೆ, ವಾಣಿಜ್ಯಗಳಿಂದಲೂ ಸೇರಬಹುದು. ಹತ್ತನೆಯ ತರಗತಿಯಿಂದ ನೇರವಾಗಿ ಪಾಲಿಟೆಕ್ನಿಕ್ಕಿಗೆ ಸೇರಿ ಮೂರು ವರ್ಷ ಓದಿದವಳು ಡಿಪ್ಲೊಮಾ ಸಿ.ಇ.ಟಿ. ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಹೋಗುವ ದಾರಿಯುಂಟು. ಬೇಗನೆ ದುಡಿಯಬೇಕಾದ ಮನೆಯ ಮಗಳಿಗೆ ಇದಕ್ಕಿಂತ ಒಳ್ಳೆಯ ದಾರಿಗಳು ಕಡಮೆ. ಸೇನಾಧಿಕಾರಿಯಾಗುವ ದಾರಿಯೂ ಈಗ ಮುಚ್ಚಿಲ್ಲ. ಪುಣೆಯ ಬಳಿಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ 17 ಮಂದಿ ಯುವತಿಯರ ಮೊದಲ ತಂಡವು 2025ರ ಮೇ ತಿಂಗಳಲ್ಲಿ ಶಿಕ್ಷಣವನ್ನು ಮುಗಿಸಿ ಹೊರಬಂದಿತು. ಅಲ್ಲಿ ಭೂಸೇನೆಯ ವಿಭಾಗಕ್ಕೆ ಯಾವ ಕವಲಿನವರಾದರೂ ಅರ್ಹರು; ನೌಕಾಪಡೆ, ವಾಯುಪಡೆಗಳಿಗೆ ಭೌತಶಾಸ್ತ್ರವೂ ರಸಾಯನಶಾಸ್ತ್ರವೂ ಗಣಿತವೂ ಬೇಕು.

ಕಲೆಯ ಕವಲು ಸೋತವರ ಆಶ್ರಯವೆಂಬ ಭಾವನೆಯನ್ನು ನಮ್ಮ ನಾಡಿನ ಮನೆಗಳಿಂದ ತೆಗೆಯಬೇಕಾಗಿದೆ. ತ್ರಿವೇಣಿಯೆಂಬ ಹೆಸರಿನಿಂದ ಬರೆದ ಶ್ರೀಮತಿ ಅನಸೂಯಾ ಶಂಕರರು ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿ ಬಿ.ಎ. ಪದವಿಯನ್ನು ಪಡೆದವರು. 1963ರಲ್ಲಿ ಮೂವತ್ತೈದು ವರ್ಷ ತುಂಬುವ ಮೊದಲೇ ತೀರಿಹೋದ ಆ ತಾಯಿಯು, ಹೆಂಗಸಿನ ಮನಸ್ಸಿನ ರೋಗವನ್ನು ‘ಶರಪಂಜರ’ವೇ ಮೊದಲಾದ ಕಾದಂಬರಿಗಳಲ್ಲಿ ಕರುಣೆಯಿಂದ ಚಿತ್ರಿಸಲು ಆ ವಿದ್ಯೆಯು ಎಷ್ಟು ಸಹಾಯವಾಯಿತೆಂಬುದನ್ನು ಓದಿದವರು ಬಲ್ಲರು. ಇನ್ನೊಂದು ಕಡೆ, ಮೈಸೂರು ಸೀಮೆಯ ಶ್ರೀಮತಿ ರಾಜೇಶ್ವರಿ ಚಟರ್ಜಿಯವರು ಶಾಲೆಯ ಓದು ಮುಗಿದಾಗ ಇತಿಹಾಸವನ್ನು ಹಿಡಿಯಲೇ ಎಂದು ಮನಸ್ಸು ಮಾಡಿದ್ದು, ಕೊನೆಗೆ ಗಣಿತ ವಿಜ್ಞಾನಗಳನ್ನು ಆರಿಸಿಕೊಂಡರು. 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ, ಮುಂದೆ ಅಲ್ಲಿಯೇ ಮೈಕ್ರೋವೇವ್ ಶಾಸ್ತ್ರದ ಪ್ರಾಧ್ಯಾಪಕಿಯಾಗಿ ದೊಡ್ಡ ಹೆಸರನ್ನು ಪಡೆದರು. ಅದೇ ಸಂಸ್ಥೆಯಲ್ಲಿ ಅದಕ್ಕೆ ಹತ್ತು ವರ್ಷ ಮುಂಚೆ, 1933ರಲ್ಲಿ, ಕಮಲಾ ಸೊಹೋನಿಯವರಿಗೆ ಹೆಣ್ಣೆಂಬ ಕಾರಣದಿಂದಲೇ ಪ್ರವೇಶವನ್ನು ನಿರಾಕರಿಸಿದ್ದರು. ಅವರು ಹಟ ಹಿಡಿದು, ನಿಬಂಧನೆಗಳಿಗೆ ಒಳಪಟ್ಟು ಸೇರಿಕೊಂಡು, 1939ರಲ್ಲಿ ಕೇಂಬ್ರಿಜಿನಿಂದ ಡಾಕ್ಟರೇಟ್ ಪಡೆದರು. ಈ ಮೂವರ ದಾರಿಗಳು ಬೇರೆ ಬೇರೆ. ಆದರೆ ಮೂವರಲ್ಲಿ ಯಾರನ್ನೂ ಹದಿಮೂರನೆಯ ವಯಸ್ಸಿನ ಒಂದು ಕಿರುಪರೀಕ್ಷೆಯಿಂದ ಅಳೆಯಲಾಗುತ್ತಿರಲಿಲ್ಲ.

ಆಯ್ಕೆಯನ್ನು ಯಾರು ಮಾಡಬೇಕು? ಓದುವವಳೇ ಮಾಡಬೇಕು, ತಂದೆತಾಯಿಗಳು ಸಲಹೆ ಕೊಡಬೇಕು, ಉಪಾಧ್ಯಾಯಿನಿಯರು ತಿಳಿದುದನ್ನು ಹೇಳಬೇಕು. ಪಕ್ಕದ ಮನೆಯ ಮಗಳು ಹಿಡಿದ ವಿಷಯವೆಂಬುದೂ, ಗೆಳತಿಯು ಹೋಗುವ ಕಾಲೇಜೆಂಬುದೂ, ಮುಂದೆ ಗಂಡು ಹುಡುಕುವಾಗ ಹೇಳಿಕೊಳ್ಳಲು ಚೆನ್ನಾಗಿರುವುದೆಂಬುದೂ ಕಾರಣಗಳಲ್ಲ. ಆದರೆ ಹಣ ಮತ್ತು ದೂರ ಎಂಬ ಎರಡು ಕಾರಣಗಳನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ವಿಜ್ಞಾನದ ಕಾಲೇಜು ಇಪ್ಪತ್ತೈದು ಮೈಲಿ ದೂರದಲ್ಲಿದ್ದು, ಕಲೆಯ ಕಾಲೇಜು ಊರಿನಲ್ಲಿಯೇ ಇದ್ದರೆ, ಮನೆಯವರ ಕಷ್ಟವು ನಮಗೆ ಅರ್ಥವಾಗುತ್ತದೆ. ಸರಕಾರದ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವನ್ನು ಕೊಡುವ ಶಕ್ತಿ ಯೋಜನೆಯು 2023ರ ಜೂನ್ ತಿಂಗಳಲ್ಲಿ ಆರಂಭವಾದ ಮೇಲೆ ಈ ಕಷ್ಟವು ಎಷ್ಟೋ ಕಡಮೆಯಾಗಿದೆ. ಬಸ್ಸೇ ಬಾರದ ಹಳ್ಳಿಗಳಲ್ಲಿ ಮಾತ್ರ ಉಳಿದಿದೆ.

ಇಲ್ಲಿ ಪೋಷಕರಲ್ಲಿ ನಮ್ಮ ಮುಖ್ಯವಾದ ವಿಜ್ಞಾಪನೆಯೊಂದುಂಟು. ಮಗಳು ಬಯಸಿದ ವಿಷಯಕ್ಕೆ ಕಳುಹಿಸಲು ಹಣವಿಲ್ಲದಿದ್ದರೆ, ‘ಹಣವಿಲ್ಲ ಮಗಳೇ’ ಎಂದು ಬಾಯಿಬಿಟ್ಟು ಹೇಳಿರಿ. ‘ಅದು ನಿನ್ನ ಕೈಲಾಗದು’ ಎಂದು ಹೇಳಬೇಡಿರಿ. ಬಡತನವು ನಾಚಿಕೆಯ ವಿಷಯವಲ್ಲ. ಅದಕ್ಕೆ ವಿದ್ಯಾರ್ಥಿವೇತನವಿದೆ, ಸಾಲವಿದೆ, ನಮ್ಮಂಥವರು ಹುಡುಕಿಕೊಡುವ ನೆರವಿದೆ. ನಾಲ್ಕು ವರ್ಷಗಳ ಮೇಲೆ ಕೈ ಸ್ವಲ್ಪ ಸಡಿಲವಾದಾಗ ಹಣದ ಅಡ್ಡಿಯು ತೊಲಗಲೂಬಹುದು. ಆದರೆ ತನ್ನಿಂದ ಆಗದೆಂದು ತಂದೆಯ ಬಾಯಿಂದಲೇ ಕೇಳಿದ ಹುಡುಗಿಯು ಆ ಮಾತನ್ನು ಮುದುಕಿಯಾಗುವ ತನಕ ಹೊತ್ತುಕೊಂಡಿರುತ್ತಾಳೆ.

ನಮ್ಮ ನಿರ್ಧಾರಕ್ಕೆ ನಾವು ತೆರಬೇಕಾದ ಬೆಲೆಯನ್ನೂ ಮರೆಮಾಡುವುದಿಲ್ಲ. ಪ್ರತ್ಯೇಕ ವಿಭಾಗವಿಲ್ಲವೆಂದು ಕೆಲವರು ಮಕ್ಕಳ ವರ್ಗಾವಣೆ ಪತ್ರವನ್ನು ತೆಗೆದುಕೊಂಡು ಹೋಗಿದ್ದಾರೆ. ಇನ್ನು ಕೆಲವರು ಹೋಗಬಹುದು. ಅನುದಾನಿತ ಶಾಲೆಯಲ್ಲಿ ಮಕ್ಕಳ ಸಂಖ್ಯೆಯು ಇಳಿದರೆ ಉಪಾಧ್ಯಾಯಿನಿಯರ ಹುದ್ದೆಗಳಿಗೇ ಸಂಚಕಾರ ಬರುವುದೆಂಬುದು ನಮಗೆ ಗೊತ್ತಿದೆ. ‘ಒಂಬತ್ತನೆಯ ತರಗತಿಯಿಂದಲಾದರೂ ಮಾಡಿ, ಖರ್ಚನ್ನು ನಾವೇ ಕೊಡುತ್ತೇವೆ’ ಎಂದು ಅನುಕೂಲಸ್ಥರಾದ ಪೋಷಕರು ಉದಾರವಾಗಿ ಮುಂದೆ ಬಂದರು. ಅವರಿಗೆ ಕೃತಜ್ಞರಾಗಿದ್ದೇವೆ. ಆದರೆ ಆ ಹಣವು ಎಲ್ಲ ಹುಡುಗಿಯರಿಗೂ ತೆರೆದಿರುವ ಸಂಜೆಯ ಪಾಠಕ್ಕೂ ಪ್ರಯೋಗಶಾಲೆಗೂ ಆಗುವುದಾದರೆ ಸಂತೋಷದಿಂದ ಸ್ವೀಕರಿಸುವೆವು. ಕೆಲವರಿಗಾಗಿ ಮಾತ್ರ ಮುಚ್ಚಿದ ಒಂದು ಕೊಠಡಿಗೆ ಸ್ವೀಕರಿಸಲಾರೆವು. ಓದು ಬೇಡವೆಂದು ಸಮಾಜವು ಹೇಳಿದ್ದ ಹುಡುಗಿಯರನ್ನು ಮನೆಮನೆಗೆ ಹೋಗಿ ಕರೆತಂದು ಇಂಥ ಶಾಲೆಗಳನ್ನು ಆರಂಭಿಸಿದರು. ಅದೇ ಅಂಗಳದೊಳಗೆ ‘ಬೇಕಾದವರು’, ‘ಬೇಡವಾದವರು’ ಎಂಬ ಗೆರೆಯನ್ನು ಎಳೆಯುವ ಅಧಿಕಾರವು ನಮಗಿಲ್ಲ.

ಹಳೆಯ ವಿದ್ಯಾರ್ಥಿನಿಯರಾದ ನಮ್ಮ ಸಹೋದರಿಯರಲ್ಲಿ ಒಂದು ಬೇಡಿಕೆಯಿದೆ. ನಿಮ್ಮಲ್ಲಿ ದಾದಿಯರಿದ್ದೀರಿ, ವಕೀಲರಿದ್ದೀರಿ, ಬ್ಯಾಂಕಿನಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಹೊಲದಲ್ಲಿಯೂ ದುಡಿಯುವವರಿದ್ದೀರಿ, ಸಂಸಾರವನ್ನು ಸಾಗಿಸುತ್ತ ಅಂಗಡಿಯನ್ನು ನಡೆಸುವವರಿದ್ದೀರಿ. ನವೆಂಬರಿನಿಂದ ಫೆಬ್ರವರಿಯ ತನಕ ಪ್ರತಿ ಶನಿವಾರ ಪಾಠ ಬಿಟ್ಟ ಮೇಲೆ ಹತ್ತನೆಯ ತರಗತಿಯವರೊಡನೆ ಒಂದು ಗಂಟೆ ಕುಳಿತು, ನೀವು ಯಾವ ವಿಷಯವನ್ನು ಏಕೆ ಹಿಡಿದಿರಿ, ದಾರಿಯಲ್ಲಿ ಏನು ಕಷ್ಟವಾಯಿತು, ನಿಮ್ಮ ಕೆಲಸದಲ್ಲಿ ಬೆಳಗಿನಿಂದ ಸಂಜೆಯ ತನಕ ಏನು ಮಾಡುವಿರಿ ಎಂಬುದನ್ನು ಇದ್ದಂತೆ ಹೇಳಿರಿ. ಭಾಷಣವು ಬೇಡ. ಬರಲಾಗದವರು ಒಂದು ಪುಟದಷ್ಟು ಬರೆದು ಕಳುಹಿಸಿರಿ. ಅವನ್ನೆಲ್ಲ ಕೂಡಿಸಿ ವಾಚನಾಲಯದಲ್ಲಿ ಇಡುತ್ತೇವೆ. ಕಾಲೇಜಿನ ಮೊದಲ ವರ್ಷದ ಶುಲ್ಕಕ್ಕಾಗಿ ಒಂದು ಚಿಕ್ಕ ನಿಧಿಯನ್ನೂ ಆರಂಭಿಸಬೇಕೆಂದಿದ್ದೇವೆ, ಕೈಲಾದಷ್ಟು ಸೇರಿಸಿರಿ.

ತಲಾಂತುಗಳ ಸಾಮ್ಯವನ್ನು ನಮ್ಮ ಬೆಳಗಿನ ಪ್ರಾರ್ಥನಾಕೂಟದಲ್ಲಿ ನೀವೆಲ್ಲರೂ ಕೇಳಿ ಬೆಳೆದವರೇ. ಯಜಮಾನನು ಒಬ್ಬೊಬ್ಬನಿಗೆ ಒಂದೊಂದು ಪ್ರಮಾಣದಲ್ಲಿ ಕೊಟ್ಟನೆಂಬುದು ನಿಜ. ಆದರೆ ಏನನ್ನೂ ಕೊಡದೆ ಯಾರನ್ನೂ ಬಿಡಲಿಲ್ಲ, ಲೆಕ್ಕವನ್ನು ಕೇಳುವ ಮೊದಲು ಬಹು ಕಾಲ ತಡೆದನು. ಆ ತಾಳ್ಮೆಯನ್ನು ನಮಗೂ ನಿಮಗೂ ದೇವರು ದಯಪಾಲಿಸಲೆಂದು ಬೇಡುತ್ತೇವೆ. ಬರುವ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಯ ಪೋಷಕರ ಮೊದಲ ಸಭೆಯಲ್ಲಿ ಈ ವಿಷಯವನ್ನು ಮತ್ತೆ ಚರ್ಚೆಗೆ ಇಡುವೆವು. ನಮ್ಮ ಮಾತಿಗೆ ಒಪ್ಪದವರೂ ಅಗತ್ಯವಾಗಿ ಬರಬೇಕೆಂದೂ, ತಂದೆಯರು ಮಾತ್ರವಲ್ಲದೆ ತಾಯಂದಿರೂ ಬಂದು ಮಾತನಾಡಬೇಕೆಂದೂ ಕೇಳಿಕೊಳ್ಳುತ್ತೇವೆ.

— ಮುಖ್ಯೋಪಾಧ್ಯಾಯಿನಿ